ಚಿನ್ನ ಬಿಡಿ, ಬಾಗಿಲು ನೋಡಿ

ಗ್ರೀಸ್ ದೇಶದ ದ್ವೀಪಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಸತ್ತವರನ್ನು ಹೇಗೆ ಮಣ್ಣು ಮಾಡುತ್ತಿದ್ದರು ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಅಂಕಣ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಇನ್ನೊಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಮೇಡಂ, ಕ್ರೀಟ್ ದ್ವೀಪದ ಹಳೆಯ ಹಳ್ಳಿಗಳಲ್ಲಿ ರಾಜರು ಇದ್ದಂತೆ ಕಾಣುವುದಿಲ್ಲ, ಸಮಾಧಿಗಳಿಂದ ಅದು ಗೊತ್ತಾಗುತ್ತದೆ ಎಂದು ಬರೆದಿದ್ದೀರಿ. ಮೂಳೆ ನೋಡಿ ಹೇಗೆ ಹೇಳುತ್ತೀರಿ? ಸತ್ತ ಮೇಲೆ ಎಲ್ಲರೂ ಒಂದೇ ಅಲ್ವಾ?
— ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಉತ್ತರ: ಸತ್ತವರು ಒಂದೇ ಇರಬಹುದು ಸರ್, ಹೂಳುವವರು ಒಂದೇ ಅಲ್ಲವಲ್ಲ! ಸಮಾಧಿ ಕಟ್ಟುವುದು ಬದುಕಿರುವವರು. ಯಾರನ್ನು ಯಾರ ಪಕ್ಕ ಮಲಗಿಸಬೇಕು, ಯಾರನ್ನು ಒಳಗೆ ಬಿಡಬಾರದು ಎಂದು ತೀರ್ಮಾನಿಸುವವರೂ ಅವರೇ. ಆ ತೀರ್ಮಾನ ಕಲ್ಲಿನಲ್ಲಿ ಉಳಿದುಬಿಡುತ್ತದೆ.

ಕ್ರೀಟ್‌ನ ದಕ್ಷಿಣದಲ್ಲಿ ಮೆಸಾರಾ ಎಂಬ ಬಯಲು ಇದೆ. ಅಲ್ಲಿ ಮತ್ತು ಸುತ್ತಲಿನ ಬೆಟ್ಟಗಳಲ್ಲಿ 70ಕ್ಕೂ ಹೆಚ್ಚು ದುಂಡನೆಯ ಕಲ್ಲಿನ ಸಮಾಧಿಗಳು ಸಿಕ್ಕಿವೆ. ಕ್ರಿ.ಪೂ. 3000ದ ಆಸುಪಾಸಿನಲ್ಲಿ ಇವನ್ನು ಕಟ್ಟಲು ಶುರು ಮಾಡಿದರು. ಕಳೆದ ಶತಮಾನದ ಆರಂಭದಲ್ಲಿ ಸ್ಟೆಫಾನೊಸ್ ಕ್ಸಾಂಥುದಿದಿಸ್ ಎಂಬ ಕ್ರೀಟ್‌ನ ವಿದ್ವಾಂಸರು ಇವುಗಳಲ್ಲಿ ಹಲವನ್ನು ಅಗೆದು ತೋರಿಸಿದರು. ಪ್ಲಾಟಾನೊಸ್ ಎಂಬ ಊರಿನ ದೊಡ್ಡ ಸಮಾಧಿಯ ಒಳ ಅಗಲ ಸುಮಾರು 13 ಮೀಟರ್. ಗೋಡೆ 2 ಮೀಟರ್‌ಗಿಂತ ದಪ್ಪ. ಇಷ್ಟು ದೊಡ್ಡ ಕಟ್ಟಡ, ಆದರೆ ಇಂಥ ಸಮಾಧಿಗಳ ಬಾಗಿಲು ಮಾತ್ರ ಮೊಣಕಾಲೂರಿ ತೆವಳಬೇಕಾದಷ್ಟು ಗಿಡ್ಡ. ಬಹುತೇಕ ಬಾಗಿಲುಗಳು ಪೂರ್ವಕ್ಕೇ ತೆರೆದುಕೊಳ್ಳುತ್ತವೆ. ಒಂದು ದೊಡ್ಡ ಚಪ್ಪಡಿ ಸರಿಸಿ ಮುಚ್ಚಿದರೆ ಮುಗಿಯಿತು.

ಒಳಗೆ ನಡೆಯುತ್ತಿದ್ದುದು ಇಷ್ಟು. ಹೊಸ ಹೆಣವನ್ನು ನೆಲದ ಮೇಲೆ ಮಲಗಿಸುತ್ತಿದ್ದರು. ಜೊತೆಗೆ ಒಂದು ಬಟ್ಟಲು, ಒಂದು ಕಠಾರಿ, ದಂತದ ಮುದ್ರೆ, ಮಣಿಸರ, ಹೀಗೆ ಏನಾದರೂ. ಮಾಂಸ ಕರಗಿದ ಮೇಲೆ ಮೂಳೆಗಳನ್ನು ಬದಿಗೆ ತಳ್ಳಿ ಮುಂದಿನವರಿಗೆ ಜಾಗ ಮಾಡುತ್ತಿದ್ದರು. ಕೆಲವು ಕಡೆ ತಲೆಬುರುಡೆಗಳನ್ನು ಬೇರೆ ಜೋಡಿಸಿದ್ದಾರೆ. ಕೆಲವು ಕಡೆ ಒಳಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದ ಗುರುತಿದೆ. ನೂರಾರು ವರ್ಷ ಇದೇ ಕ್ರಮ. ಅಜ್ಜನ ಮೂಳೆ, ಮೊಮ್ಮಗಳ ಮೂಳೆ, ಅವಳ ಮರಿಮಕ್ಕಳ ಮೂಳೆ ಎಲ್ಲ ಒಂದೇ ರಾಶಿ. ಯಾವ ಕಠಾರಿ ಯಾರದು ಎಂದು ನೂರು ವರ್ಷದ ನಂತರ ಅವರ ಮನೆಯವರೇ ಹೇಳಲಾರರು.

ಅಂದರೆ ವ್ಯಕ್ತಿಯ ಹೆಸರು ಅಲ್ಲಿ ಮುಖ್ಯ ಆಗಿರಲಿಲ್ಲ. ನೀವು ಯಾರ ಕಡೆಯವರು ಎನ್ನುವುದು ಮುಖ್ಯ. ಕುಮಾಸಾ ಎಂಬಲ್ಲಿ ಒಂದೇ ಕಡೆ ಮೂರು ದುಂಡು ಸಮಾಧಿಗಳಿವೆ. ಪ್ಲಾಟಾನೊಸ್‌ನಲ್ಲೂ ಮೂರು. ಇಡೀ ಊರಿಗೆ ಒಂದೇ ಸಾಕಿದ್ದರೆ ಮೂರು ಯಾಕೆ? ಎಷ್ಟು ವರ್ಷಕ್ಕೆ ಎಷ್ಟು ಹೆಣ ಎಂದು ಲೆಕ್ಕ ಹಾಕಿದವರು, ಒಂದೊಂದು ಸಮಾಧಿಯನ್ನು ಬಳಸಿದ್ದು ಒಂದೋ ಎರಡೋ ಮನೆತನ ಎನ್ನುತ್ತಾರೆ. ಎಲ್ಲರ ತಲೆಯ ಮೇಲೆ ಕೂತ ಒಬ್ಬನ ಸಮಾಧಿ ಈ ಕಾಲದ ಮೆಸಾರಾದಲ್ಲಿ ಕಾಣುವುದಿಲ್ಲ. ನಾನು ರಾಜ ಇಲ್ಲ ಎಂದದ್ದು ಆ ಅರ್ಥದಲ್ಲಿ. ಎಲ್ಲರೂ ಸಮಾನರು ಎಂದು ಮಾತ್ರ ನಾನು ಹೇಳಿಲ್ಲ, ಗಮನಿಸಿ. ಆ ಗಿಡ್ಡ ಬಾಗಿಲಿನೊಳಗೆ ಹೋಗುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ ಎನ್ನುವುದೇ ಅಲ್ಲಿನ ಮೇಲುಕೀಳು.

ಅದೇ ಕ್ರೀಟ್‌ನ ಪೂರ್ವ ಭಾಗಕ್ಕೆ ಹೋದರೆ ಚಿತ್ರ ಬೇರೆ. ಮೋಖ್ಲೊಸ್ ಎಂಬ ಪುಟ್ಟ ನಡುಗಡ್ಡೆ ಇದೆ, ಆಗ ಅದು ನೆಲಕ್ಕೆ ಸೇರಿಕೊಂಡಿತ್ತು. 1908ರಲ್ಲಿ ರಿಚರ್ಡ್ ಸೀಗರ್ ಎಂಬ ಅಮೆರಿಕನ್ನರು ಅಲ್ಲಿ ಅಗೆದರು. ಸಮಾಧಿಗಳು ಮನೆಯ ಹಾಗೆ ಚೌಕ. ಪಶ್ಚಿಮದ ಜಗತಿಯ ಮೇಲೆ ಕೆಲವು ಮಾತ್ರ ದೊಡ್ಡವು, ಚೆನ್ನಾಗಿ ಕಟ್ಟಿದವು. ಅಲ್ಲಿ ತೆಳ್ಳನೆಯ ಚಿನ್ನದ ಹಣೆಪಟ್ಟಿಗಳು, ಚಿನ್ನದ ಎಲೆ, ಹೂವುಗಳು ಸಿಕ್ಕವು. ಒಂದು ಪಟ್ಟಿಯ ಮೇಲೆ ಚುಕ್ಕಿ ಚುಚ್ಚಿ ಎರಡು ಕಣ್ಣು ಬಿಡಿಸಿದ್ದಾರೆ. ದಕ್ಷಿಣದ ಇಳಿಜಾರಿನಲ್ಲಿ ಇರುವವು ಚಿಕ್ಕ ಚಿಕ್ಕ ಸಮಾಧಿಗಳು. ಒಂದೇ ಊರು, ಎರಡು ಥರ ಜಾಗ.

ಮುಂದೆ ಕ್ರಿ.ಪೂ. 2000ದ ಸುಮಾರಿಗೆ ಇನ್ನೊಂದು ಬದಲಾವಣೆ. ಹೆಣಗಳನ್ನು ಮಣ್ಣಿನ ಪೆಟ್ಟಿಗೆಯಲ್ಲೋ ದೊಡ್ಡ ಗುಡಾಣದಲ್ಲೋ ಇಡುವುದು ಜಾಸ್ತಿಯಾಯಿತು. ಎಷ್ಟೋ ಕಡೆ ಆ ಪೆಟ್ಟಿಗೆ ಇರುವುದು ಹಳೆಯ ಸಾಮೂಹಿಕ ಸಮಾಧಿಯ ಒಳಗೇ, ಆದರೆ ಪ್ರತಿಯೊಬ್ಬರಿಗೂ ಬೇರೆ ಗೋಡೆ. ಕ್ನೊಸೊಸ್, ಫೈಸ್ಟೊಸ್‌ಗಳಲ್ಲಿ ಅರಮನೆಗಳು ಎದ್ದದ್ದು ಕ್ರಿ.ಪೂ. 1900ರ ಹೊತ್ತಿಗೆ. ಎರಡೂ ಒಂದಾದ ಮೇಲೊಂದು ಬಂದದ್ದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಅಂದ ಹಾಗೆ, ಇವರನ್ನು ‘ಗ್ರೀಕರು’ ಎನ್ನುವುದಕ್ಕೆ ನನ್ನ ಆಕ್ಷೇಪ ಇದೆ. ಅರಮನೆಗಳ ಕಾಲದಲ್ಲಿ ಕ್ರೀಟ್‌ನವರು ಬಳಸಿದ ಲಿಪಿಯನ್ನು ಇವತ್ತಿಗೂ ಯಾರೂ ಓದಿಲ್ಲ. ಗ್ರೀಕ್ ಭಾಷೆ ಅಲ್ಲಿಗೆ ಬಂದದ್ದು ಆಮೇಲೆ.

ಪ್ರಶ್ನೆ: ಮೇಡಂ, ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ನೋಡಿದೆ. ಗ್ರೀಸ್‌ನ ದ್ವೀಪವೊಂದರಲ್ಲಿ ಗಂಡ ಸತ್ತಾಗ ಹೆಂಡತಿಯನ್ನೂ ನಾಲ್ಕು ಕುದುರೆಗಳನ್ನೂ ಕೊಂದು ಜೊತೆಗೇ ಹೂತಿದ್ದರಂತೆ. ಅಲ್ಲಿಯೂ ಸತಿ ಪದ್ಧತಿ ಇತ್ತೇ?
— ಗೃಹಿಣಿ, ಹೊನ್ನಾವರ

ಉತ್ತರ: ಕುದುರೆಗಳ ವಿಷಯ ನಿಜ. ಹೆಂಡತಿಯ ವಿಷಯದಲ್ಲಿ ವಿಡಿಯೊದವರು ಸ್ವಲ್ಪ ಮಸಾಲೆ ಸೇರಿಸಿದ್ದಾರೆ.

ಇದು ಯೂಬಿಯಾ ದ್ವೀಪದ ಲೆಫ್ಕಾಂಡಿ ಎಂಬ ಊರಿನ ಕತೆ. ಕ್ರಿ.ಪೂ. 950ರ ಸುಮಾರಿನದು. ಇವರು ಗ್ರೀಕರೇ, ಅನುಮಾನ ಇಲ್ಲ. 1980ರಲ್ಲಿ ಜಮೀನಿನ ಮಾಲೀಕರು ರಜೆ ನೋಡಿಕೊಂಡು ಅಲ್ಲಿದ್ದ ದಿಬ್ಬಕ್ಕೆ ಬುಲ್ಡೋಜರ್ ಬಿಟ್ಟರು. ನಡುವಿನ ಒಂದಿಷ್ಟು ಭಾಗ ಹಾಳಾಯಿತು. ಮರುವರ್ಷದಿಂದ ಬ್ರಿಟಿಷ್ ಮತ್ತು ಗ್ರೀಕ್ ಪುರಾತತ್ವದವರು ಸೇರಿ ಅಗೆದಾಗ ಕಂಡದ್ದು ಸುಮಾರು 50 ಮೀಟರ್ ಉದ್ದ, 10 ಮೀಟರ್ ಅಗಲದ ಕಟ್ಟಡ. ಒಂದು ತುದಿ ಅರ್ಧವೃತ್ತ. ಕಲ್ಲಿನ ತಳಪಾಯ, ಮೇಲೆ ಹಸಿ ಇಟ್ಟಿಗೆ, ಸುತ್ತ ಮರದ ಕಂಬಗಳ ಸಾಲು. ಆ ಕಾಲದ ಗ್ರೀಸ್‌ನಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ಅದರ ನಡುಮಧ್ಯೆ ಎರಡು ಗುಂಡಿ. ಒಂದರಲ್ಲಿ ಗಂಡು, ಹೆಣ್ಣು. ಗಂಡಸನ್ನು ಸುಟ್ಟು, ಮೂಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಕಂಚಿನ ಕೊಡದಲ್ಲಿ ಇಟ್ಟಿದ್ದರು. ಪಕ್ಕದಲ್ಲಿ ಕಬ್ಬಿಣದ ಕತ್ತಿ, ಈಟಿಯ ಮೊನೆ. ಕಂಚಿನ ಒಳಗಿದ್ದ ಕಾರಣ ಬಟ್ಟೆಯೂ ಉಳಿದುಕೊಂಡಿತು, ಸುಮಾರು 3000 ವರ್ಷ! ಹೆಂಗಸನ್ನು ಸುಟ್ಟಿರಲಿಲ್ಲ, ಹಾಗೆಯೇ ಮಲಗಿಸಿದ್ದರು. ಎದೆಯ ಮೇಲೆ ಚಿನ್ನದ ಬಿಲ್ಲೆಗಳು, ಕೂದಲಿಗೆ ಸುರುಳಿಗಳು, ಕೊರಳಲ್ಲಿ ಚಿನ್ನದ ಪದಕ. ತಲೆಯ ಹತ್ತಿರ ದಂತದ ಹಿಡಿಯ ಕಬ್ಬಿಣದ ಚಾಕು. ಎರಡನೇ ಗುಂಡಿಯಲ್ಲಿ ನಾಲ್ಕು ಕುದುರೆ, ಎರಡರ ಬಾಯಲ್ಲಿ ಇನ್ನೂ ಕಬ್ಬಿಣದ ಕಡಿವಾಣ.

ಕೊಂದರು ಎನ್ನುವವರ ಮುಖ್ಯ ಆಧಾರ ಆ ಚಾಕು. ಅದು ಸಾಲದು. ಗೋರಿಗಳಲ್ಲಿ ಚಾಕು ಇಡುವುದು ಅಪರೂಪವಲ್ಲ. ಗಂಡ ಹೆಂಡತಿ ಎನ್ನುವುದೂ ನಮ್ಮ ಊಹೆಯೇ. ಒಟ್ಟಿಗೆ ಹೂತಿದ್ದಾರೆ ಎಂದ ಕೂಡಲೇ ತಾಳಿ ಕಟ್ಟಿಸಿಬಿಡಬೇಡಿ. ಇನ್ನು ಸತಿ ಎನ್ನಬೇಕಾದರೆ ಅದು ಮತ್ತೆ ಮತ್ತೆ ನಡೆದ ಪದ್ಧತಿ ಆಗಿರಬೇಕು. ಒಂದು ಗುಂಡಿಯಿಂದ ಪದ್ಧತಿ ಹುಟ್ಟುವುದಿಲ್ಲ.

ನನಗೆ ಕುತೂಹಲ ಆ ಒಡವೆ ಪಾತ್ರೆಗಳ ವಯಸ್ಸಿನ ಮೇಲೆ. ಕಂಚಿನ ಕೊಡ ಸೈಪ್ರಸ್ ದ್ವೀಪದ್ದು, ಹೂತಾಗಲೇ ಅದು ಹಳೆಯದು. ಹೆಂಗಸಿನ ಕೊರಳಿನ ಪದಕ ಬ್ಯಾಬಿಲೋನಿಯಾದ ಕಡೆಯದು, ಅದಕ್ಕೆ ಆಗಲೇ ಹತ್ತಿರ ಹತ್ತಿರ ಸಾವಿರ ವರ್ಷ. ಇಂಥ ವಸ್ತು ನಮ್ಮಲ್ಲಿದೆ, ನಮ್ಮದು ಹಳೆಯ ಮನೆತನ, ಸಮುದ್ರದಾಚೆಗೂ ನಮಗೆ ಜನ ಗೊತ್ತು ಎಂದು ಊರಿಗೆ ತೋರಿಸುವ ಆಸೆ ಅದರಲ್ಲಿದೆ. ಟ್ರಾಯ್ ಯುದ್ಧದ ಕತೆ ಹೇಳುವ ಹೋಮರನ ಇಲಿಯಡ್ ಕಾವ್ಯ ಓದಿದವರಿಗೆ ಇದೆಲ್ಲ ಪರಿಚಿತ ಅನ್ನಿಸುತ್ತದೆ. ಅದರಲ್ಲಿ ಗ್ರೀಕ್ ವೀರ ಪ್ಯಾಟ್ರೋಕ್ಲಸ್‌ನ ಚಿತೆಗೂ ನಾಲ್ಕು ಕುದುರೆ. ಟ್ರಾಯ್‌ನ ವೀರ ಹೆಕ್ಟರನ ಮೂಳೆಗಳನ್ನೂ ಬಟ್ಟೆಯಲ್ಲಿ ಸುತ್ತಿ ಚಿನ್ನದ ಪೆಟ್ಟಿಗೆಯಲ್ಲಿಡುತ್ತಾರೆ.

ಆಮೇಲೆ ನಡೆದದ್ದು ಇನ್ನೂ ದೊಡ್ಡ ವಿಷಯ. ಅಷ್ಟು ದೊಡ್ಡ ಕಟ್ಟಡವನ್ನು ಹೆಚ್ಚು ದಿನ ಉಳಿಸಲಿಲ್ಲ. ಬೇಕೆಂದೇ ಕೆಡವಿ, ಮಣ್ಣು ತುಂಬಿ ದಿಬ್ಬ ಮಾಡಿದರು. ನೂರಾರು ಜನರ ಕೂಲಿ ಅದು. ಬಳಿಕ ದಿಬ್ಬದ ಪೂರ್ವ ತುದಿಯ ಪಕ್ಕದಲ್ಲೇ ಸ್ಮಶಾನ ಬೆಳೆಯಿತು. ಮದುವೆ ಫೋಟೊದಲ್ಲಿ ವಧೂವರರ ಪಕ್ಕ ನಿಲ್ಲಲು ನೆಂಟರು ನುಗ್ಗುತ್ತಾರಲ್ಲ, ಹಾಗೆ. ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಹೂತವರ ಗೋರಿಗಳಲ್ಲಿ ಚಿನ್ನ, ಈಜಿಪ್ಟಿನ ಸಾಮಾನು ಸಿಗುತ್ತದೆ. ಊರಿನಲ್ಲಿ ಬೇರೆ ಸ್ಮಶಾನಗಳೂ ಇದ್ದವು. ದಿಬ್ಬದ ಪಕ್ಕ ಜಾಗ ಸಿಕ್ಕವರು ಯಾರು ಎಂದು ನೋಡಿದರೆ ಊರಿನ ದೊಡ್ಡ ಮನೆಗಳ ಪಟ್ಟಿ ಸಿಕ್ಕಂತೆ.

ಪ್ರಶ್ನೆ: ಮಿಸ್, ಚಿಕ್ಕ ಮಕ್ಕಳು ಸತ್ತರೆ ಏನು ಮಾಡುತ್ತಿದ್ದರು?
— 9ನೇ ತರಗತಿ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಒಳ್ಳೆಯ ಪ್ರಶ್ನೆ ಪುಟ್ಟ. ದೊಡ್ಡವರು ಯಾರೂ ಇದನ್ನು ಕೇಳಲಿಲ್ಲ ನೋಡು.

ಲೆಫ್ಕಾಂಡಿಯ ಹತ್ತಿರವೇ ಎರೆಟ್ರಿಯಾ ಎಂಬ ಪಟ್ಟಣ ಇದೆ. ಅಲ್ಲಿ ಪಶ್ಚಿಮದ ಹೆಬ್ಬಾಗಿಲಿನ ಬಳಿ ಕ್ರಿ.ಪೂ. 700ರ ಆಸುಪಾಸಿನ ಒಂದು ದೊಡ್ಡ ಮನೆತನದ ಗೋರಿಗಳು ಸಿಕ್ಕಿವೆ. ದೊಡ್ಡವರನ್ನು ಸುಟ್ಟು, ಮೂಳೆಯನ್ನು ಕಂಚಿನ ಹಂಡೆಯಲ್ಲಿ ಇಟ್ಟಿದ್ದಾರೆ. ಮಕ್ಕಳನ್ನು ಸುಟ್ಟಿಲ್ಲ, ಹಾಗೆಯೇ ಹೂತಿದ್ದಾರೆ. ಗಡಿ ಸುಮಾರು 16 ವರ್ಷ. ನೀನು ಅಲ್ಲಿ ಇನ್ನೂ ಮಗುವೇ! ಬೆಂಕಿಯ ಹಕ್ಕು ಬರಬೇಕಾದರೆ ಊರಿನಲ್ಲಿ ದೊಡ್ಡವನೆಂದು ಎಣಿಸಿಕೊಂಡಿರಬೇಕು.

ಇದೇ ಯೂಬಿಯಾದ ಜನ ಹಡಗು ಹತ್ತಿ ಇಟಲಿಯ ಇಸ್ಕಿಯಾ ದ್ವೀಪಕ್ಕೂ ಹೋಗಿ ನೆಲೆಸಿದ್ದರು. ಅಲ್ಲಿ ಕೂಸುಗಳನ್ನು ದೊಡ್ಡ ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಮಕ್ಕಳ ಗೋರಿಗಳಲ್ಲಿ ದುಂಬಿಯ ಆಕಾರದ ಪುಟ್ಟ ತಾಯಿತಗಳು ಸಿಕ್ಕಿವೆ, ಈಜಿಪ್ಟಿನ ಮಾದರಿಯವು.

ಪ್ರಶ್ನೆ: ಸೈಕ್ಲಾಡಿಕ್ ದ್ವೀಪಗಳ ಬಿಳಿ ಅಮೃತಶಿಲೆಯ ಗೊಂಬೆಗಳನ್ನು ಪುಸ್ತಕದಲ್ಲಿ ನೋಡಿ ಬೆರಗಾದೆ. ಕೈಕಟ್ಟಿ ನಿಂತ, ಮೂಗು ಮಾತ್ರ ಇರುವ ಮುಖಗಳು. ಪ್ರತಿ ಗೋರಿಯಲ್ಲೂ ಇಂಥದ್ದು ಇಡುತ್ತಿದ್ದರೇ?
— ಚಿತ್ರಕಲಾ ಶಿಕ್ಷಕರು, ಕಲಬುರಗಿ

ಉತ್ತರ: ಇಲ್ಲ. ಬಹುಪಾಲು ಗೋರಿಗಳಲ್ಲಿ ಗೊಂಬೆಯೇ ಇಲ್ಲ. ಒಂದು ಬಟ್ಟಲೋ, ಕಪ್ಪು ಜ್ವಾಲಾಮುಖಿ ಗಾಜಿನ ಒಂದು ಅಲಗೋ ಇರುತ್ತದೆ. ಏನೂ ಇಲ್ಲದವೂ ಬೇಕಾದಷ್ಟು. ಇನ್ನೊಂದು ಮಾತು. ಗೊಂಬೆಗಳು ಬಿಳಿ ಇರಲಿಲ್ಲ. ಕಣ್ಣು, ಕೂದಲು, ಕೆಲವಕ್ಕೆ ಕೆನ್ನೆಯ ಮೇಲೆ ಕೆಂಪು ಗೆರೆ ಬಣ್ಣದಲ್ಲಿ ಬರೆದಿರುತ್ತಿದ್ದರು. ಬಣ್ಣ ಹೋಗಿದೆ, ನಾವು ಖಾಲಿ ಮುಖವನ್ನೇ ಕಲೆ ಎಂದು ಹೊಗಳುತ್ತಿದ್ದೇವೆ.

ಕ್ರೀಟ್‌ಗೂ ಗ್ರೀಸ್‌ನ ಮುಖ್ಯ ನೆಲಕ್ಕೂ ನಡುವಿನ ಸಮುದ್ರದಲ್ಲಿರುವ ಈ ಸೈಕ್ಲಾಡಿಕ್ ದ್ವೀಪಗಳಲ್ಲಿ ಕ್ರಿ.ಪೂ. 3000ದ ಹೊತ್ತಿನ ಗೋರಿ ಅಂದರೆ ನಾಲ್ಕು ಕಲ್ಲಿನ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಪೆಟ್ಟಿಗೆ. ಎಷ್ಟು ಚಿಕ್ಕದೆಂದರೆ ಹೆಣವನ್ನು ಮೊಣಕಾಲು ಎದೆಗೆ ಮಡಚಿ, ಒಂದು ಮಗ್ಗುಲಿಗೆ ಮಲಗಿಸಬೇಕು. ಒಂದು ಸ್ಮಶಾನದಲ್ಲಿ ಹದಿನೈದೋ ಇಪ್ಪತ್ತೋ ಗೋರಿ ಇದ್ದರೆ ಹೆಚ್ಚು. ಊರು ಅಂದರೆ ಬರೀ ಎರಡು ಮೂರು ಮನೆ ಎಂದು ಅದರಿಂದಲೇ ತಿಳಿಯುತ್ತದೆ.

ಆದರೆ ಸೀರೊಸ್ ದ್ವೀಪದ ಖಲಾಂಡ್ರಿಯಾನಿಯಲ್ಲಿ 600ಕ್ಕೂ ಹೆಚ್ಚು ಗೋರಿಗಳಿವೆ. 1898ರ ಸುಮಾರಿಗೆ ಕ್ರಿಸ್ಟೊಸ್ ತ್ಸೂಂಟಾಸ್ ಎಂಬ ಗ್ರೀಕ್ ಪುರಾತತ್ವಜ್ಞರು ಅವುಗಳಲ್ಲಿ ಹೆಚ್ಚಿನವನ್ನು ತೆರೆದರು. ಅಲ್ಲಿ ಬಾಣಲೆಯ ಆಕಾರದ ಮಣ್ಣಿನ ಪಾತ್ರೆಗಳು ಸಿಕ್ಕವು. ಅವುಗಳ ಮೇಲೆ ಸುರುಳಿ ಸುರುಳಿ ಅಲೆ, ನಡುವೆ ಸಾಲು ಸಾಲು ಹುಟ್ಟುಗಳ ಉದ್ದ ದೋಣಿ. ಯೋಚಿಸಿ, ಅಂಥ ದೋಣಿ ನಡೆಸಲು ಇಪ್ಪತ್ತಕ್ಕೂ ಹೆಚ್ಚು ಗಟ್ಟಿ ಗಂಡಸರು ಬೇಕು. ಮೂರು ಮನೆಯ ಊರಿನಿಂದ ಅದು ಆಗುವ ಮಾತೇ? ಉದ್ದ ದೋಣಿ ಇಳಿಸಬಲ್ಲ ಊರು, ಇಳಿಸಲಾರದ ಊರು ಎನ್ನುವುದೇ ಆ ಸಮುದ್ರದ ಮುಖ್ಯ ಭೇದವಾಗಿತ್ತು ಎಂದು ನಾನು ಒಪ್ಪುತ್ತೇನೆ.

ಗೊಂಬೆ ಯಾರಿಗೆ ಇಟ್ಟರು, ಗಂಡಿಗೋ ಹೆಣ್ಣಿಗೋ, ಹಿರಿಯರಿಗೋ ಎಂಬ ನಿಮ್ಮ ಮುಂದಿನ ಪ್ರಶ್ನೆಗೆ ಉತ್ತರ ಕೊಡುವ ಗೋರಿಗಳನ್ನು ಕಳ್ಳರು ತೋಡಿಬಿಟ್ಟರು. 1950–60ರ ದಶಕದಲ್ಲಿ ಯುರೋಪ್, ಅಮೆರಿಕದ ಶ್ರೀಮಂತರಿಗೆ ಈ ಗೊಂಬೆಗಳ ಹುಚ್ಚು ಹತ್ತಿತು. ಮ್ಯೂಸಿಯಂಗಳಲ್ಲಿರುವ ಬಹುಪಾಲು ಗೊಂಬೆಗಳು ಯಾವ ಗೋರಿಯವು, ಯಾರ ಪಕ್ಕ ಇದ್ದವು ಎಂಬ ದಾಖಲೆ ಇಲ್ಲ. ಗೊಂಬೆ ಉಳಿಯಿತು, ವಿಷಯ ಹೋಯಿತು. ನನಗೆ ಇದನ್ನು ನೆನೆದರೆ ಸಿಟ್ಟು ಬರುತ್ತದೆ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ.

ಪ್ರಶ್ನೆ: ಅಲ್ಲೂ ಸಾವಿನ ಮನೆಯಲ್ಲಿ ಸಾಲ ಮಾಡಿ ಖರ್ಚು ಮಾಡುತ್ತಿದ್ದರೇ?
— ಸಹಕಾರ ಸಂಘದ ಕಾರ್ಯದರ್ಶಿ, ಮಂಡ್ಯ

ಉತ್ತರ: ಖರ್ಚು ಜೋರಾಗಿ ಇದ್ದಿರಬೇಕು, ಇಲ್ಲದಿದ್ದರೆ ಅದನ್ನು ತಡೆಯಲು ಕಾನೂನು ಯಾಕೆ? ಕೆಯೊಸ್ ದ್ವೀಪದ ಯೂಲಿಸ್ ಪಟ್ಟಣದವರು ಕಲ್ಲಿನ ಮೇಲೆ ಕೆತ್ತಿಸಿದ ನಿಯಮ ಸಿಕ್ಕಿದೆ. ಕ್ರಿ.ಪೂ. 5ನೇ ಶತಮಾನದ ಕೊನೆಯದು, ಉಳಿದವುಗಳಿಗಿಂತ ಈಚಿನದು. ಹೆಣಕ್ಕೆ ಮೂರಕ್ಕಿಂತ ಹೆಚ್ಚು ಬಿಳಿ ಬಟ್ಟೆ ಬೇಡ. ಗೋರಿಗೆ ಒಯ್ಯುವ ದ್ರಾಕ್ಷಾರಸ ನಮ್ಮ ಲೆಕ್ಕದಲ್ಲಿ ಸುಮಾರು 10 ಲೀಟರ್ ಮೀರಬಾರದು, ಎಣ್ಣೆ 3 ಲೀಟರ್ ಚಿಲ್ಲರೆ. ಒಯ್ದ ಪಾತ್ರೆಗಳನ್ನು ವಾಪಸ್ ತರಬೇಕು. ಹೆಣ ಎತ್ತಿದ ಮೇಲೆ ಗೋರಿ ಮುಟ್ಟುವವರೆಗೆ ಅಳು ಗೋಳಾಟ ಇಲ್ಲ, ಮೌನವಾಗಿ ಹೋಗಬೇಕು. ಮೂವತ್ತನೇ ದಿನದ ಕರ್ಮ ಮಾಡುವಂತಿಲ್ಲ. ಹೆಣ ಎತ್ತಿದ ಮನೆಯೊಳಗೆ ಹೋಗಬಹುದಾದ ಹೆಂಗಸರು ಯಾರು ಯಾರು ಎಂದೂ ಪಟ್ಟಿ ಇದೆ: ತಾಯಿ, ಹೆಂಡತಿ, ಅಕ್ಕತಂಗಿಯರು, ಹೆಣ್ಣುಮಕ್ಕಳು. ಅವರಲ್ಲದೆ ಐದು ಮಂದಿಗಿಂತ ಹೆಚ್ಚಿಲ್ಲ. ಮಾರನೇ ದಿನ ಮನೆಗೆ ಸಮುದ್ರದ ನೀರು ಚಿಮುಕಿಸಬೇಕು, ಚಿಮುಕಿಸುವವನು ಗುಲಾಮ ಆಗಿರಬಾರದು.

ದೊಡ್ಡ ಮನೆಯವರು ಸಾವನ್ನು ನೆಪ ಮಾಡಿಕೊಂಡು ಜನಬಲ ತೋರಿಸುವುದನ್ನು ಊರಿನವರು ಸಹಿಸಲಿಲ್ಲ, ಅಷ್ಟೇ. ಲೆಫ್ಕಾಂಡಿಯವರು ಇದನ್ನು ಓದಿದ್ದರೆ ನಗುತ್ತಿದ್ದರೋ ಏನೋ.

ಪ್ರಶ್ನೆ: ಮಗಳು ಫ್ರಾಂಕ್‌ಫರ್ಟ್‌ನಲ್ಲಿದ್ದಾಳೆ. ಬೇಸಿಗೆಯಲ್ಲಿ ನಮ್ಮನ್ನು ಮೈಕೊನೊಸ್‌ಗೆ ಕರೆದುಕೊಂಡು ಹೋಗುತ್ತಾಳಂತೆ. ನೀವು ಬರೆದ ಸಮಾಧಿಗಳನ್ನು ಅಲ್ಲಿ ನೋಡಬಹುದೇ?
— ಹಿರಿಯ ದಂಪತಿ, ಬೆಂಗಳೂರು

ಉತ್ತರ: ಮೇಲೆ ಬರೆದವು ಬೇರೆ ದ್ವೀಪಗಳವು. ಆದರೆ ಮೈಕೊನೊಸ್‌ನಿಂದ ಬೋಟಿನಲ್ಲಿ ಡೀಲೊಸ್‌ಗೆ ಹೋಗಿ. ಅಪೊಲೊ ದೇವರು ಹುಟ್ಟಿದ ದ್ವೀಪ ಎಂದು ಗ್ರೀಕರ ನಂಬಿಕೆ. ಅದರ ಮಡಿ ಕಾಪಾಡಬೇಕೆಂದು ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಅಲ್ಲಿದ್ದ ಗೋರಿಗಳನ್ನೆಲ್ಲ ತೆಗೆಸಿದರು. ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದರು. ಬಸುರಿಯರನ್ನು, ಸಾಯುವ ಸ್ಥಿತಿಯಲ್ಲಿದ್ದವರನ್ನು ಪಕ್ಕದ ರೆನೇಯಾ ದ್ವೀಪಕ್ಕೆ ಸಾಗಿಸುತ್ತಿದ್ದರು.

ಆ ಕಾಲದಲ್ಲೇ ಇದ್ದ ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ: ತೆಗೆದ ಗೋರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇರಿಯನ್ ಜನಾಂಗದವರದು (ಇವರು ಗ್ರೀಕರಲ್ಲ, ಈಗಿನ ಟರ್ಕಿಯ ನೈಋತ್ಯ ಭಾಗದವರು), ಜೊತೆಗಿದ್ದ ಆಯುಧ ಮತ್ತು ಹೂತ ರೀತಿಯಿಂದ ಗೊತ್ತಾಯಿತು. ಅಲ್ಲಿಂದ ತಂದು ರೆನೇಯಾದಲ್ಲಿ ಸುರಿದ ಹೊಂಡ 1898ರ ನಂತರ ಸಿಕ್ಕಿತು. ಒಳಗಿದ್ದ ಮಡಕೆಗಳು ಬಹುಪಾಲು ಗ್ರೀಕರವೇ. ಪಾಪ, ನಮ್ಮ ಕಸುಬಿನ ಮೊದಲಿಗನೂ ಹೂತ ರೀತಿ ನೋಡಿ ಜಾತಿ ಹೇಳಲು ಹೋಗಿ ಎಡವಿದ ಹಾಗೆ ಕಾಣುತ್ತದೆ. ಆ ಮಡಕೆಗಳು ಮೈಕೊನೊಸ್ ಮ್ಯೂಸಿಯಂನಲ್ಲಿವೆ. ಬಂದರಿನಿಂದ ನಡೆದೇ ಹೋಗಬಹುದು. ಬೀಚಿಗೆ ಹೋಗುವ ಅವಸರದಲ್ಲಿ ಬಿಡಬೇಡಿ.

ಡೀಲೊಸ್‌ನಲ್ಲಿ ಗೋರಿಗಳನ್ನೆಲ್ಲ ತೆಗೆದರೂ ಎರಡು ಕಡೆ ಮಾತ್ರ ಮುಟ್ಟಲಿಲ್ಲ. ಉತ್ತರದ ದೂರದೇಶದಿಂದ ಕಾಣಿಕೆ ತಂದು ಇಲ್ಲೇ ತೀರಿಕೊಂಡ ಕನ್ಯೆಯರ ಗೋರಿ ಎಂದು ಜನ ನಂಬಿದ್ದ ಜಾಗಗಳವು. ಮದುವೆಗೆ ಮೊದಲು ಹುಡುಗಿಯರು ಕೂದಲ ಎಳೆ ಕತ್ತರಿಸಿ ಕದಿರಿಗೆ ಸುತ್ತಿ ಅಲ್ಲಿ ಇಡುತ್ತಿದ್ದರು, ಹುಡುಗರು ಹಸಿರು ಕಡ್ಡಿಗೆ ಸುತ್ತಿ ಇಡುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುತ್ತಾನೆ. ಸತ್ತವರಿಗೆ ಜಾಗವೇ ಇಲ್ಲದ ದ್ವೀಪದಲ್ಲಿ ಇವರಿಗೆ ಮಾತ್ರ ವಿನಾಯಿತಿ! ಅರ್ಟೆಮಿಸ್ ದೇವಿಯ ಗುಡಿಯ ಬಳಿ ಅದರಲ್ಲೊಂದನ್ನು ಗುರುತಿಸಿದ್ದಾರೆ, ಗೈಡ್‌ನ್ನು ಕೇಳಿ ತೋರಿಸಿಕೊಳ್ಳಿ.

ಟೋಪಿ, ನೀರು ಜೊತೆಗಿರಲಿ. ಡೀಲೊಸ್‌ನಲ್ಲಿ ನೆರಳು ಕಡಿಮೆ. ವಾಪಸ್ ಬೋಟಿನ ಸಮಯ ಇಳಿದ ತಕ್ಷಣ ಕೇಳಿಟ್ಟುಕೊಳ್ಳಿ, ಇವತ್ತಿಗೂ ಅಲ್ಲಿ ರಾತ್ರಿ ಉಳಿಯಲು ಯಾತ್ರಿಕರನ್ನು ಬಿಡುವುದಿಲ್ಲ.